ಮೂರು ಪುಸ್ತಕಗಳಲ್ಲಿ ಹಂಚಿಹೋದ 549

ದಕ್ಷಿಣ ಕೊರಿಯಾದ ಬೇಸ್‌ಬಾಲ್ ಲೀಗಿನ ಪುಸ್ತಕದಲ್ಲಿ 427 ಸೇವ್‌ಗಳು, ಜಪಾನಿನದರಲ್ಲಿ 80, ಅಮೆರಿಕದ ಮೇಜರ್ ಲೀಗಿನದರಲ್ಲಿ 42. ಮೂರನ್ನೂ ಕೂಡಿಸಿದರೆ 549 ಆಗುತ್ತದೆ. ತಂಡದ ಮುನ್ನಡೆಯನ್ನು ಕಾಪಾಡಿ ಪಂದ್ಯ ಮುಗಿಸಿದ ಪಿಚರಿಗೆ, ಅಂದರೆ ಚೆಂಡೆಸೆಯುವವನಿಗೆ, ಸಿಗುವ ಅಂಕಿಯೇ ಸೇವ್. ಒಂದೊಂದು ಲೀಗೂ ತನ್ನ ಪಾಲನ್ನು ಮಾತ್ರ ಬರೆದಿಟ್ಟುಕೊಂಡಿದೆ. ಒಟ್ಟು ಮೊತ್ತವನ್ನು ಕೂಡಿಸಿ ಕಾಪಾಡಿಕೊಂಡು ಬಂದವರು ಇಲ್ಲಿನ ಪತ್ರಕರ್ತರು, ತಂಡದವರು ಮತ್ತು ನಾನೀಗ ವಾಸವಾಗಿರುವ ದೇಗು ನಗರದ ಅಭಿಮಾನಿಗಳು. ಅಂಕಿಗಳ ಒಡೆಯರ ಹೆಸರು ಓ ಸಂಗ್‌ಹ್ವಾನ್. ಕೊರಿಯಾದ ಪದ್ಧತಿಯಂತೆ ಓ ಎಂಬುದು ಮನೆತನದ ಹೆಸರು. ಅವರು ಬೇಸ್‌ಬಾಲ್ ಆಟದ ರಿಲೀಫ್ ಪಿಚರ್, ಅಂದರೆ ಪಂದ್ಯದ ಕೊನೆಯಲ್ಲಿ ಚೆಂಡೆಸೆಯಲು ಬರುವವರು.

ಹೊರದೇಶಗಳಲ್ಲಿ ದುಡಿದವರಿಗೆ ಈ ಬಗೆಯ ಲೆಕ್ಕದ ಕಷ್ಟ ಗೊತ್ತಿರುತ್ತದೆ. ದೇಗುವಿಗೆ ಬರುವ ಮೊದಲು ನಾನು 2014 ಮತ್ತು 2015ರಲ್ಲಿ ಒಸಾಕಾದ ಒಂದು ಪ್ರಯೋಗಾಲಯದಲ್ಲಿದ್ದೆ, ನಡುವೆ ಕೆಲವು ವರ್ಷ ಬೆಂಗಳೂರಿನಲ್ಲಿದ್ದೆ. 2019ರಲ್ಲಿ ಇಲ್ಲಿ ಕೆಲಸಕ್ಕೆ ಸೇರುವಾಗ ಹಿಂದಿನ ವರ್ಷಗಳನ್ನು ಸೇವಾವಧಿಗೆ ಸೇರಿಸಲಾಗದೆಂದು ಕಚೇರಿಯವರು ಬಹಳ ವಿನಯದಿಂದಲೇ ತಿಳಿಸಿದರು. ಬೇಸ್‌ಬಾಲಿನ ಗಂಧವೂ ಇಲ್ಲದೆ ಬೆಳೆದ ನನಗೆ ಈ ಒಬ್ಬ ಆಟಗಾರರ ಮೇಲೆ ಇಷ್ಟೊಂದು ಮಮತೆ ಹುಟ್ಟಲು ಅಂದಿನ ಆ ಅಸಮಾಧಾನವೂ ಒಂದು ಕಾರಣವಿರಬಹುದು.

ಊರಿಗೆ ಫೋನು ಮಾಡಿದಾಗಲೆಲ್ಲ ಅಪ್ಪ ಕೇಳುವುದು ಒಂದೇ ಪ್ರಶ್ನೆ: ಕೊನೆಯಲ್ಲಿ ಬಂದು ಹದಿನೈದು ಚೆಂಡು ಎಸೆದು ಹೋಗುವವನದು ಅದೆಂತಹ ದೊಡ್ಡ ಕೆಲಸ? ಕ್ರಿಕೆಟ್ ನೋಡಿ ಬೆಳೆದವರಿಗೆ ಈ ಸಂಶಯ ಸಹಜ. ನಮ್ಮ ಬೌಲರ್ ನಾಲ್ಕು ಓವರ್ ಎಸೆದು, ಬೌಂಡರಿ ಗೆರೆಯ ಬಳಿ ನಿಂತು ದಣಿವಾರಿಸಿಕೊಂಡು, ನಾಯಕ ಕರೆದಾಗ ಮತ್ತೆ ಚೆಂಡು ಹಿಡಿಯಬಹುದು. ಬೇಸ್‌ಬಾಲಿನಲ್ಲಿ ಒಮ್ಮೆ ಬದಲಾಯಿಸಲ್ಪಟ್ಟ ಆಟಗಾರನಿಗೆ ಅಂದಿನ ಪಂದ್ಯಕ್ಕೆ ಮರಳುವ ದಾರಿಯೇ ಇಲ್ಲ. ಆದ್ದರಿಂದ ಆರಂಭದ ಪಿಚರ್ ಪಂದ್ಯದ ಒಂಬತ್ತು ಇನ್ನಿಂಗ್ಸ್‌ಗಳ ಪೈಕಿ ಐದಾರರಲ್ಲಿ ನೂರರ ಆಸುಪಾಸಿನಷ್ಟು ಎಸೆತಗಳನ್ನು ಎಸೆದು ನಿರ್ಗಮಿಸಿದ ಮೇಲೆ ಉಳಿದ ಇನ್ನಿಂಗ್ಸ್‌ಗಳನ್ನು ಬುಲ್‌ಪೆನ್ ಎಂಬ ಬದಿಯಂಗಳದಲ್ಲಿ ತೋಳು ಕಾಯಿಸಿಕೊಂಡು ಕಾದಿರುವವರು ಹಂಚಿಕೊಳ್ಳಬೇಕು. ಆರಂಭದ ಪಿಚರಿಗೆ ತನ್ನ ಸರದಿ ಯಾವ ದಿನವೆಂದು ಮೊದಲೇ ತಿಳಿದಿರುತ್ತದೆ, ನಡುವೆ ನಾಲ್ಕೈದು ದಿನಗಳ ವಿಶ್ರಾಂತಿಯೂ ಸಿಗುತ್ತದೆ. ರಿಲೀಫ್ ಪಿಚರ್ ಮಾತ್ರ ಪ್ರತಿ ಸಂಜೆಯೂ ಸಿದ್ಧನಾಗಿರಬೇಕು, ಏಕೆಂದರೆ ಕರೆ ಬರುವುದೋ ಇಲ್ಲವೋ ಎಂಬುದನ್ನು ಪಂದ್ಯವೇ ನಿರ್ಧರಿಸುತ್ತದೆ. ಕರೆ ಬರದ ದಿನಗಳಲ್ಲಿ ಬುಲ್‌ಪೆನ್ನಿನಲ್ಲಿ ಎಸೆದ ಎಸೆತಗಳು ಯಾವ ಅಂಕಿಪಟ್ಟಿಯಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಆದರೆ ಮೊಣಕೈಗೆ ಅವೂ ಎಸೆತಗಳೇ.

ಈ ಕೊನೆಯ ಪಿಚರಿನ ಕೆಲಸವನ್ನು ಅಳೆಯುವ ಮಾನ ಸೇವ್. ಅಮೆರಿಕದಲ್ಲಿ ಅದು ಅಧಿಕೃತ ಅಂಕಿಯಾದದ್ದು 1969ರಲ್ಲಿ. ಸ್ಥೂಲವಾಗಿ ಹೇಳುವುದಾದರೆ, ತನ್ನ ತಂಡ ಮೂರು ಅಥವಾ ಅದಕ್ಕಿಂತ ಕಡಿಮೆ ರನ್‌ಗಳಿಂದ ಮುಂದಿರುವಾಗ ಬಂದು, ಕನಿಷ್ಠ ಒಂದು ಇನ್ನಿಂಗ್ಸ್ ಎಸೆದು, ಆ ಮುನ್ನಡೆಯನ್ನು ಬಿಟ್ಟುಕೊಡದೆ ಪಂದ್ಯ ಮುಗಿಸಿದವನಿಗೆ ಒಂದು ಸೇವ್. ಗೆಲುವಿನ ಶ್ರೇಯಸ್ಸು ಬೇರೊಬ್ಬ ಪಿಚರಿನ ಹೆಸರಿಗೆ ಹೋಗುತ್ತದೆ. ಹೀಗಾಗಿ ಸೇವ್ ಎಂಬುದು ಮೊದಲ ನೋಟಕ್ಕೆ ಗೆದ್ದೆತ್ತಿನ ಬಾಲ ಹಿಡಿದಂತೆ ಕಾಣುತ್ತದೆ, ನನಗೂ ಹಾಗೆಯೇ ಕಂಡಿತ್ತು. ಕ್ರೀಡಾಂಗಣದಲ್ಲಿ ಕುಳಿತು, ಒಂದೇ ರನ್ ಮುಂದಿರುವ ಒಂಬತ್ತನೆಯ ಇನ್ನಿಂಗ್ಸ್‌ನಲ್ಲಿ ಇಪ್ಪತ್ತು ಸಾವಿರ ಜನ ಒಮ್ಮೆಲೇ ಉಸಿರು ಬಿಗಿಹಿಡಿಯುವುದನ್ನು ಕೇಳಿದ ಮೇಲೆ ಆ ಗಾದೆಯನ್ನು ಹಿಂತೆಗೆದುಕೊಂಡೆ. ಉಳಿದ ಎಂಟು ಮಂದಿಯ ಮೂರು ಗಂಟೆಗಳ ದುಡಿಮೆಯನ್ನು ಒಂದೇ ತಪ್ಪು ಎಸೆತದಿಂದ ಕಳೆಯಬಲ್ಲವನು ಆ ಹೊತ್ತಿನಲ್ಲಿ ಮೈದಾನದ ನಡುವಿನ ದಿಬ್ಬದ ಮೇಲೆ ನಿಂತಿರುವವನೊಬ್ಬನೇ.

ಕೊರಿಯಾದ ವೃತ್ತಿಪರ ಲೀಗ್ ಆರಂಭವಾದದ್ದು 1982ರಲ್ಲಿ, ಆರು ತಂಡಗಳೊಂದಿಗೆ. ದೇಗುವಿನ ಸ್ಯಾಮ್ಸಂಗ್ ಲಯನ್ಸ್ ಅವುಗಳಲ್ಲೊಂದು. ಓ ಹುಟ್ಟಿದ್ದು ಅದೇ ವರ್ಷದ ಜುಲೈ ತಿಂಗಳಲ್ಲಿ. ಕಾಲೇಜಿನ ದಿನಗಳಲ್ಲಿಯೇ ಮೊಣಕೈಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಅವರು 2005ರಲ್ಲಿ ಲಯನ್ಸ್ ಸೇರಿ, ಮೊದಲ ವರ್ಷವೇ ಶ್ರೇಷ್ಠ ಹೊಸ ಆಟಗಾರ ಎನಿಸಿಕೊಂಡರು. ಆ ವರ್ಷ ತಂಡ ಚಾಂಪಿಯನ್ ಆದಾಗ ಅಂತಿಮ ಸರಣಿಯ ಶ್ರೇಷ್ಠ ಆಟಗಾರನ ಗೌರವವೂ ಅವರದೇ ಆಯಿತು. 2006ರಲ್ಲಿ 47 ಸೇವ್‌ಗಳು, 2011ರಲ್ಲಿ ಮತ್ತೆ 47. ಅವರ ನೇರ ವೇಗದ ಎಸೆತಕ್ಕೆ ಇಲ್ಲಿನವರು ಇಟ್ಟ ಹೆಸರು ಕಲ್ಲಿನ ಚೆಂಡು. ಬ್ಯಾಟ್ ಹಿಡಿದವನಿಗೆ ಏನು ಬರುತ್ತದೆಂದು ಗೊತ್ತಿದ್ದರೂ ಹೊಡೆಯಲಾಗದ ಎಸೆತವದು. ಚೆಂಡಿನ ತಿರುಗುವಿಕೆ ಹೆಚ್ಚಾಗಿದ್ದುದರಿಂದ ನಿರೀಕ್ಷಿಸಿದಷ್ಟು ಕೆಳಗಿಳಿಯದೆ ಬ್ಯಾಟಿನ ಮೇಲುಗಡೆಯಿಂದ ದಾಟಿಹೋಗುತ್ತಿತ್ತು. ಎಸೆಯುವಾಗ ಎಡಗಾಲು ನೆಲ ಮುಟ್ಟುವ ಮುನ್ನ ಒಂದು ಕ್ಷಣ ತಡೆದಂತಾಗುವ ಅವರ ಹೆಜ್ಜೆಯೂ ಬ್ಯಾಟ್ ಹಿಡಿದವನ ಲಯ ಕೆಡಿಸುತ್ತಿತ್ತು.

ಅವರಿಗೆ ಎರಡು ಅಡ್ಡಹೆಸರುಗಳಿವೆ. ಒಂದು, ವಿಡಿಯೋ ಆಟಗಳ ಕಟ್ಟಕಡೆಯ ಹಂತದಲ್ಲಿ ಎದುರಾಗುವ ರಾಜ ಎಂಬರ್ಥದ್ದು. ಇನ್ನೊಂದು, ಕಲ್ಲಿನ ಬುದ್ಧ. ಗೆದ್ದರೂ ಸೋತರೂ ಮುಖದಲ್ಲಿ ಏನೂ ಕದಲದ ಕಾರಣಕ್ಕೆ ಈ ಹೆಸರು. ನನಗೆ ಮೊದಲು ನೆನಪಾದದ್ದು ಶ್ರವಣಬೆಳಗೊಳ. ಆದರೆ ಗೊಮ್ಮಟನ ತುಟಿಯಂಚಿನಲ್ಲಿ ಒಂದು ಕಿರುನಗೆಯಾದರೂ ಇದೆ, ಇವರಲ್ಲಿ ಅದೂ ಇರಲಿಲ್ಲ.

2013ರ ಕೊನೆಗೆ ಕೊರಿಯಾದ ಖಾತೆಯಲ್ಲಿ 277 ಸೇವ್‌ಗಳಿದ್ದವು. ಮರುವರ್ಷ ಅವರು ಜಪಾನಿನ ಹಾನ್‌ಶಿನ್ ಟೈಗರ್ಸ್ ತಂಡಕ್ಕೆ ಹೋದಾಗ ಅಲ್ಲಿನ ಖಾತೆ ಸೊನ್ನೆಯಿಂದ ಆರಂಭವಾಯಿತು. ಜಪಾನೀಯರು ತಮ್ಮ ತಂಡದ ವಿದೇಶಿ ಆಟಗಾರನನ್ನು ಸುಕೆತ್ತೊ ಎನ್ನುತ್ತಾರೆ, ನೆರವಿಗೆ ಬಂದವನು ಎಂದು ಅದರ ಅರ್ಥ. ಮಾತು ಮರ್ಯಾದೆಯದೇ. ಆದರೆ ಆ ನೆರವು ನಮ್ಮ ಕಡೆಯ ಮುಯ್ಯಾಳಿನದಲ್ಲ, ಕೂಲಿಯಾಳಿನದು. ಗದ್ದೆಯ ಕೆಲಸ ಮುಗಿದ ಮೇಲೆ ಮರುವರ್ಷ ಕರೆಯಲೇಬೇಕೆಂಬ ಕಟ್ಟುಪಾಡಿಲ್ಲ. ಒಂದು ತಂಡದ ಮುಖ್ಯ ಪಟ್ಟಿಯಲ್ಲಿ ಆಗ ನಾಲ್ವರು ವಿದೇಶೀಯರಿಗಷ್ಟೇ ಜಾಗವಿತ್ತು. ಅದರಲ್ಲೊಂದು ಜಾಗವನ್ನು ಒಂದು ಇನ್ನಿಂಗ್ಸ್ ಮಾತ್ರ ಎಸೆಯುವವನಿಗೆ ಕೊಟ್ಟರೆ ಅವನು ತಪ್ಪು ಮಾಡುವಂತಿಲ್ಲ.

ಟೈಗರ್ಸ್ ತಂಡದ ಮನೆಯಂಗಳವಾದ ಕೋಶಿಯೆನ್ ಕ್ರೀಡಾಂಗಣ 1924ರದು, ಒಸಾಕಾದಿಂದ ರೈಲಿನಲ್ಲಿ ಸುಲಭವಾಗಿ ತಲುಪಬಹುದಾದಷ್ಟು ದೂರದಲ್ಲಿದೆ. ನಾನು ಮೊದಲ ಬಾರಿ ಬೇಸ್‌ಬಾಲ್ ನೋಡಿದ್ದು ಅಲ್ಲಿಯೇ, ಸಹೋದ್ಯೋಗಿಯೊಬ್ಬರ ಒತ್ತಾಯಕ್ಕೆ. ಒಳಮೈದಾನದಲ್ಲಿ ಹುಲ್ಲಿಲ್ಲ, ಬರಿಯ ಮಣ್ಣು. ಏಳನೆಯ ಇನ್ನಿಂಗ್ಸ್‌ನಲ್ಲಿ ಸಾವಿರಾರು ಬಲೂನುಗಳು ಒಮ್ಮೆಗೇ ಸಿಳ್ಳೆ ಹಾಕುತ್ತ ಮೇಲೇರಿದ್ದು ನೆನಪಿದೆ. ಆಗಸ್ಟಿನಲ್ಲಿ ಪ್ರೌಢಶಾಲಾ ಹುಡುಗರ ರಾಷ್ಟ್ರೀಯ ಪಂದ್ಯಾವಳಿ ಅಲ್ಲಿ ನಡೆಯುವುದರಿಂದ ವೃತ್ತಿಪರ ತಂಡವೇ ವಾರಗಟ್ಟಲೆ ಮನೆ ಬಿಟ್ಟುಕೊಟ್ಟು ಊರೂರು ಅಲೆಯಬೇಕೆಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಓ ಅಲ್ಲಿ ಮೊದಲ ವರ್ಷ 39 ಸೇವ್‌ಗಳನ್ನು, ಎರಡನೆಯ ವರ್ಷ 41ನ್ನು ಪಡೆದರು. ಮೊದಲ ವರ್ಷ ಒಬ್ಬರೇ, ಎರಡನೆಯ ವರ್ಷ ಇನ್ನೊಬ್ಬರೊಡನೆ ಸಮನಾಗಿ, ಜಪಾನಿನ ಎರಡು ವಿಭಾಗಗಳಲ್ಲೊಂದಾದ ಸೆಂಟ್ರಲ್ ಲೀಗಿನ ಅಗ್ರಸ್ಥಾನದಲ್ಲಿದ್ದರು. 2014ರ ಕ್ಲೈಮ್ಯಾಕ್ಸ್ ಸರಣಿ ಎಂಬ ಅರ್ಹತಾ ಹಂತದಲ್ಲಿ ಬಿಡುವಿಲ್ಲದೆ ಎಸೆದು, ತಂಡವನ್ನು ಅಂತಿಮ ಹಣಾಹಣಿಯಾದ ಜಪಾನ್ ಸರಣಿಗೆ ತಲುಪಿಸಿ, ಶ್ರೇಷ್ಠ ಆಟಗಾರ ಎನಿಸಿಕೊಂಡರು. ಅಂತಿಮ ಸರಣಿಯ ನಾಲ್ಕನೆಯ ಪಂದ್ಯದ ಹತ್ತನೆಯ ಇನ್ನಿಂಗ್ಸ್‌ನಲ್ಲಿ ಎದುರಾಳಿ ಫುಕುವೋಕಾ ತಂಡದ ನಾಕಾಮುರಾ ಅಕಿರಾ, ಓ ಎಸೆದ ಚೆಂಡನ್ನೇ ಮೈದಾನದಾಚೆಗೆ ಹೊಡೆದು, ಮೂರು ರನ್‌ಗಳ ಹೋಮ್ ರನ್ನಾಗಿಸಿ ಪಂದ್ಯ ಮುಗಿಸಿದರು. ಮರುದಿನ ನಮ್ಮ ಪ್ರಯೋಗಾಲಯದಲ್ಲಿ ಇಡೀ ವರ್ಷದ ಸೇವ್‌ಗಳ ಮಾತನ್ನು ಯಾರೂ ಎತ್ತಲಿಲ್ಲ, ಎಲ್ಲರೂ ಚರ್ಚಿಸಿದ್ದು ಆ ಒಂದು ಎಸೆತವನ್ನು.

2016ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡ ಅವರನ್ನು ಸೇರಿಸಿಕೊಂಡಿತು. ಎರಡು ದೇಶಗಳಲ್ಲಿ ಒಟ್ಟು 357 ಸೇವ್‌ಗಳನ್ನು ಪಡೆದ, ಮೂವತ್ತಮೂರು ದಾಟಿದ ಮನುಷ್ಯನಿಗೆ ಅಲ್ಲಿ ಸಿಕ್ಕಿದ್ದು ಏಳನೆಯ, ಎಂಟನೆಯ ಇನ್ನಿಂಗ್ಸ್‌ನ ಕೆಲಸ. ಒಂಬತ್ತನೆಯದು ಟ್ರೆವರ್ ರೋಸೆಂತಾಲ್ ಅವರ ಪಾಲಿನದಾಗಿತ್ತು. ಅಲ್ಲಿನ ಚೆಂಡೂ ಬೇರೆ, ಜಪಾನಿನ ಚೆಂಡಿಗಿಂತ ತುಸು ದಪ್ಪ ಮತ್ತು ಜಾರುವಂಥದ್ದು. ಹೊಸ ಚೆಂಡಿನ ನುಣುಪು ತೆಗೆಯಲು ಡೆಲವೇರ್ ನದಿಯ ಕಡೆಯಿಂದ ತಂದ ಮಣ್ಣನ್ನು ಉಜ್ಜುವುದು ಅಲ್ಲಿನ ವಾಡಿಕೆ. ಓ ದೂರದೆ ಎಸೆಯುತ್ತ ಹೋದರು. ರೋಸೆಂತಾಲ್ ಲಯ ಕಳೆದುಕೊಂಡಾಗ ಒಂಬತ್ತನೆಯ ಇನ್ನಿಂಗ್ಸ್ ಇವರಿಗೆ ಬಂತು. ಜುಲೈ 2ರಂದು ಮೊದಲ ಸೇವ್ ದೊರೆತು, ಮೂರೂ ದೇಶಗಳಲ್ಲಿ ಸೇವ್ ಪಡೆದ ಮೊದಲ ಕೊರಿಯನ್ ಆದರು. ಆ ವರ್ಷ 76 ಪಂದ್ಯಗಳು, 103 ಸ್ಟ್ರೈಕ್‌ಔಟ್‌ಗಳು (ಮೂರು ಸ್ಟ್ರೈಕ್‌ಗಳಿಗೆ ಬ್ಯಾಟರ್ ಔಟಾಗುವುದು), 19 ಸೇವ್‌ಗಳು. ಒಂಬತ್ತು ಇನ್ನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್‌ಗಳ ಸರಾಸರಿ ಕೇವಲ 1.92. ಸೊನ್ನೆಯಿಂದ ಆರಂಭಿಸಬೇಕಾದವನು ಮೊದಲು ಏಳನೆಯ ಇನ್ನಿಂಗ್ಸ್ ಎಸೆಯಲೇಬೇಕು ಎಂಬುದನ್ನು ಒಪ್ಪಿಕೊಂಡ ಆ ಅರ್ಧ ವರ್ಷವೇ, ನನ್ನ ಎಣಿಕೆಯಲ್ಲಿ, ಅವರ ವೃತ್ತಿಜೀವನದ ಅತ್ಯುತ್ತಮ ಭಾಗ, 47 ಸೇವ್‌ಗಳ ವರ್ಷಗಳಲ್ಲ.

ಮರುವರ್ಷ 20 ಸೇವ್‌ಗಳು ಬಂದರೂ ಎಸೆತದ ಹರಿತ ಕಡಿಮೆಯಾಯಿತು. 2018ರಲ್ಲಿ ಅವರು ಕೆನಡಾದ ಟೊರಾಂಟೊ ಬ್ಲೂ ಜೇಸ್ ತಂಡದಲ್ಲಿದ್ದರು. ಲೀಗ್ ಅದೇ, ದೇಶ ಮಾತ್ರ ನಾಲ್ಕನೆಯದು. ಜುಲೈ ಕೊನೆಗೆ ಆ ತಂಡ ಅವರನ್ನು ಕೊಲರಾಡೊ ರಾಕೀಸ್‌ಗೆ ವಿನಿಮಯ ಮಾಡಿಕೊಟ್ಟಿತು. ಡೆನ್ವರ್ ನಗರ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಅಲ್ಲಿನ ತೆಳುಗಾಳಿಯಲ್ಲಿ ಹೊಡೆದ ಚೆಂಡು ದೂರ ಹಾರುತ್ತದೆ, ಎಸೆದ ಚೆಂಡು ಕಡಿಮೆ ಬಾಗುತ್ತದೆ. ಪಿಚರುಗಳ ಪಾಲಿಗೆ ಅದು ಎರಡೂ ಬದಿಯಿಂದ ಪೆಟ್ಟು. ಆ ವರ್ಷ ಅಲ್ಲಿಯೂ ಚೆನ್ನಾಗಿಯೇ ಎಸೆದರು. 2019ರಲ್ಲಿ ಮೈ ಕೈಕೊಟ್ಟಿತು. ಸರಾಸರಿ 9ನ್ನು ಮೀರಿತು, ಮೊಣಕೈಗೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಯಿತು, ಜುಲೈನಲ್ಲಿ ರಾಕೀಸ್ ಕೈಬಿಟ್ಟಿತು. ಆಗಸ್ಟಿನಲ್ಲಿ ಹಳೆಯ ಲಯನ್ಸ್ ಮತ್ತೆ ಸೇರಿಸಿಕೊಂಡಿತು.

ತವರಿನ ಪುಸ್ತಕದಲ್ಲಿ ಒಂದು ಸಾಲವೂ ಬರೆದಿಟ್ಟಿತ್ತು. ಮಕಾವುವಿನ ಜೂಜಿನ ಪ್ರಕರಣದಲ್ಲಿ ಅವರಿಗೆ ದಂಡವಾಗಿತ್ತು; ಅದಕ್ಕಾಗಿ ಕೊರಿಯಾದ ಲೀಗ್ 2016ರ ಜನವರಿಯಲ್ಲಿ, ಅವರು ಮರಳಿ ಬಂದರೆ ಅರ್ಧ ಋತು, ಅಂದರೆ 72 ಪಂದ್ಯಗಳು, ಆಡುವಂತಿಲ್ಲ ಎಂದು ವಿಧಿಸಿತ್ತು. ಕೊರಿಯಾದ ಪ್ರಜೆಗಳು ಹೊರದೇಶದಲ್ಲಿ ಜೂಜಾಡಿದರೂ ಇಲ್ಲಿನ ಕಾನೂನು ಬಿಡುವುದಿಲ್ಲ. ಸೇವಾವಧಿ ಗಡಿ ದಾಟುವುದಿಲ್ಲ, ತಪ್ಪು ಮಾತ್ರ ದಾಟುತ್ತದೆ! ಆ ಸಾಲವನ್ನು ಎರಡು ಋತುಗಳಲ್ಲಿ ತೀರಿಸಿ ಅವರು ಮತ್ತೆ ಎಸೆದದ್ದು 2020ರ ಜೂನ್ 9ರಂದು, ಇದೇ ದೇಗುವಿನಲ್ಲಿ. ಕೋವಿಡ್ ಕಾರಣದಿಂದ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಆರೂವರೆ ವರ್ಷಗಳ ನಂತರ ಮನೆಗೆ ಬಂದವರನ್ನು ಬರಿಯ ಕುರ್ಚಿಗಳು ಸ್ವಾಗತಿಸಿದವು. ನಾವು ಟೀವಿಯಲ್ಲಿ ನೋಡಿದೆವು. ಒಂದು ವಾರದ ನಂತರ ದೊರೆತ ಸೇವ್, ಮೂರೂ ಲೀಗುಗಳದು ಸೇರಿ 400ನೆಯದು.

2021ರಲ್ಲಿ ಮೂವತ್ತೊಂಬತ್ತರ ವಯಸ್ಸಿನಲ್ಲಿ 44 ಸೇವ್‌ಗಳನ್ನು ಪಡೆದು ಮತ್ತೆ ಲೀಗಿನ ಮೊದಲಿಗರಾದರು. 2023ರ ವಸಂತದಲ್ಲಿ ಲಯ ತಪ್ಪಿದಾಗ ತಂಡದವರು ಒಂದು ವಿಚಿತ್ರ ಉಪಾಯ ಮಾಡಿದರು. ಕೊನೆಯಲ್ಲಿ ಬರುವುದನ್ನೇ ಬದುಕಾಗಿಸಿಕೊಂಡವರನ್ನು ಮೇ 3ರಂದು, ಇಲ್ಲಿನ ಅವರ ವೃತ್ತಿಜೀವನದಲ್ಲಿ ಮೊದಲ ಬಾರಿಗೆ, ಆರಂಭದ ಪಿಚರ್ ಆಗಿ ಇಳಿಸಿದರು. ಐದು ಇನ್ನಿಂಗ್ಸ್ ಎಸೆದರು. ಸಂಜೆಯ ಬೆಳಕಿನಲ್ಲಿ, ಇನ್ನೂ ಜನ ಹುರಿದ ಕೋಳಿಯ ಡಬ್ಬಿಗಳನ್ನು ಹಿಡಿದು ಕುರ್ಚಿ ಹುಡುಕುತ್ತಿರುವಾಗ ಅವರು ದಿಬ್ಬದ ಮೇಲಿದ್ದದ್ದು, ಊಟದ ಪಂಕ್ತಿಯಲ್ಲಿ ಮಜ್ಜಿಗೆಯನ್ನೇ ಮೊದಲು ಬಡಿಸಿದಂತಿತ್ತು. ಜೂನ್ 6ರಂದು, ಸಾರ್ವಜನಿಕ ರಜೆಯ ದಿನ, ಎನ್‌ಸಿ ಡೈನೋಸ್ ವಿರುದ್ಧ 500ನೆಯ ಸೇವ್ ಬಂತು: 378, 80, 42. ಆ ದಿನ ನಾನು ಕ್ರೀಡಾಂಗಣದಲ್ಲಿದ್ದೆ. ದೇಗುವಿನ ಬಿಸಿಲಿಗೆ ಇಲ್ಲಿನವರು ಊರಿನ ಹೆಸರನ್ನು ಆಫ್ರಿಕಾದೊಂದಿಗೆ ಬೆಸೆದು ದೇಪ್ರಿಕಾ ಎಂದು ತಮಾಷೆ ಮಾಡುತ್ತಾರೆ. ರಾಯಚೂರಿನ ಬಿಸಿಲು ಕಂಡವರಿಗೆ ಅದೇನೂ ದೊಡ್ಡದಲ್ಲವೆಂದು ಪಕ್ಕದವರಿಗೆ ಹೇಳಿದೆ, ಅವರು ನಂಬಲಿಲ್ಲ. ಅದೇ ತಿಂಗಳು ಮತ್ತೊಂದು ಪಂದ್ಯದಲ್ಲಿ ಅವರನ್ನು ನಡುವೆಯೇ ಹಿಂದಕ್ಕೆ ಕರೆದಾಗ ಸಿಟ್ಟಿನಿಂದ ಚೆಂಡನ್ನು ಪ್ರೇಕ್ಷಕರತ್ತ ಎಸೆದು, ಕೈಗವಸನ್ನು ನೆಲಕ್ಕೆ ಬಡಿದರು. ತಂಡ ಅವರನ್ನು ಎರಡನೆಯ ದರ್ಜೆಗೆ ಕಳುಹಿಸಿತು. ಕಲ್ಲಿನ ಬುದ್ಧ ಬಿರುಕುಬಿಟ್ಟನೆಂದು ಪತ್ರಿಕೆಗಳು ಬರೆಯಬಹುದಿತ್ತು. ನನಗೆ ಮಾತ್ರ ಅಂದು ಅವರು ಮೊದಲ ಬಾರಿಗೆ ಪಕ್ಕದ ಮೇಜಿನ ಸಹೋದ್ಯೋಗಿಯಂತೆ ಕಂಡರು.

2025ರ ಆಗಸ್ಟಿನಲ್ಲಿ ಅವರು ನಿವೃತ್ತಿಯನ್ನು ಘೋಷಿಸಿದರು. ಸೆಪ್ಟೆಂಬರ್ 30ರಂದು ದೇಗುವಿನಲ್ಲಿ ಕಿಯಾ ಟೈಗರ್ಸ್ ವಿರುದ್ಧ ಕೊನೆಯ ಪಂದ್ಯ. 21ನೆಯ ಸಂಖ್ಯೆಯ ಅಂಗಿಯನ್ನು ಇನ್ನು ಯಾರೂ ತೊಡುವಂತಿಲ್ಲವೆಂದು ತಂಡ ತೀರ್ಮಾನಿಸಿತ್ತು. ಇನ್ನೊಂದು ಸೇವ್ ಸಿಕ್ಕಿದ್ದರೆ 550 ಆಗುತ್ತಿತ್ತು, ಅದಕ್ಕೆ ಲಯನ್ಸ್ ಕಡಿಮೆ ರನ್‌ಗಳಿಂದ ಮುಂದಿರಬೇಕಿತ್ತು. ನನ್ನ ಸುತ್ತಲಿದ್ದವರೆಲ್ಲ ತಮ್ಮದೇ ತಂಡ ರನ್ ಗಳಿಸಿದಾಗ ಚಪ್ಪಾಳೆ ತಟ್ಟಿ, ಆಮೇಲೆ ಬೆರಳೆಣಿಸಿ, ಪೆಚ್ಚಾಗುತ್ತಿದ್ದರು. ಒಂಬತ್ತನೆಯ ಇನ್ನಿಂಗ್ಸ್‌ಗೆ ಅವರು ಬರುವಾಗ ಮುನ್ನಡೆ ಸೇವ್‌ನ ಮಿತಿಯನ್ನು ದಾಟಿಹೋಗಿತ್ತು. ಎದುರಿಗೆ ಬ್ಯಾಟ್ ಹಿಡಿದು ಬಂದವರು ಲಯನ್ಸ್‌ನಲ್ಲಿ ಒಂದು ಕಾಲದ ಜೊತೆಗಾರ ಚೊಯ್ ಹ್ಯಂಗ್‌ವೂ. ನಾಲ್ಕು ಎಸೆತಗಳಲ್ಲಿ ಅವರನ್ನು ಸ್ಟ್ರೈಕ್‌ಔಟ್ ಮಾಡಿದರು. ಆಮೇಲೆ ಇಬ್ಬರೂ ಅಪ್ಪಿಕೊಂಡರು. ಇನ್ನಿಂಗ್ಸ್ ಮುಗಿಸಲು ಬೇಕಿದ್ದ ಉಳಿದ ಎರಡು ಔಟ್‌ಗಳಿಗಾಗಿ ಬುಲ್‌ಪೆನ್ನಿನಿಂದ ಬೇರೊಬ್ಬ ಪಿಚರ್ ಓಡಿಬಂದರು.