ಪಾಕಿಸ್ತಾನದ ಹೆಂಗಸರನ್ನು ಮನೆಯಿಂದ ಹೊರಗೆ ಬಿಡ್ತಾರಾ? ಬಿಡ್ತಾರೆ ಮಾರಾಯ್ರೆ

ನಾನು ದುಬೈಯಲ್ಲಿ ಒಂದು ಕಂಪನಿಯ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಊರು ಕುಂದಾಪುರದ ಹತ್ತಿರ. ರಜೆಗೆ ಬಂದಾಗಲೆಲ್ಲ ಮದುವೆಮನೆಯಲ್ಲಿ, ಗೃಹಪ್ರವೇಶದಲ್ಲಿ, ಒಮ್ಮೆಯಂತೂ ಮೀನು ಮಾರ್ಕೆಟ್ಟಿನಲ್ಲಿ, ಜನ ಕೇಳುವುದು ಒಂದೇ ಪ್ರಶ್ನೆ: "ನಿನ್ನ ಆಫೀಸಲ್ಲಿ ಪಾಕಿಸ್ತಾನದ ಹೆಂಗಸರೂ ಇದ್ದಾರಂತೆ, ಹೌದಾ? ಅಲ್ಲಿ ಹೆಂಗಸರನ್ನು ಮನೆಯಿಂದ ಹೊರಗೆ ಬಿಡ್ತಾರಾ?" ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಸುಮ್ನೆ ಇದರ ಲಿಂಕ್ ಕಳಿಸುತ್ತೇನೆ.

ಉತ್ತರ: ಬಿಡುತ್ತಾರೆ.

ನನ್ನ ಎದುರು ಕೂರುವವಳು ಕರಾಚಿಯವಳು. ಕಿಟಕಿ ಪಕ್ಕದವಳು ಫೈಸಲಾಬಾದಿನವಳು. ಇಬ್ಬರೂ ಮನೆಯಿಂದ ಹೊರಗೆ ಬಂದು, ವಿಮಾನ ಹತ್ತಿ, ಇಲ್ಲಿ ಇಳಿದು ಕೆಲಸ ಮಾಡುತ್ತಿದ್ದಾರೆ. ಕರಾಚಿಯವಳು ತಮ್ಮನ ಕಾಲೇಜು ಫೀಸು ಕಟ್ಟುತ್ತಾಳೆ. ನನ್ನ ವೋಚರ್‌ಗಳಲ್ಲಿ ತಪ್ಪು ಹುಡುಕುವಾಗ ಅವಳಿಗೆ ಆಗುವಷ್ಟು ಖುಷಿ ಬೇರೆ ಯಾರಿಗೂ ಆಗುವುದನ್ನು ನಾನು ನೋಡಿಲ್ಲ. ಇಷ್ಟೇ ಬೇಕಿದ್ದರೆ ಇಲ್ಲಿಗೆ ನಿಲ್ಲಿಸಿ, ಊಟಕ್ಕೆ ಹೋಗಿ.

ಆದರೆ ಕೇಳುವವರಿಗೆ ಇದು ಸಾಲುವುದಿಲ್ಲ. ಅವರಿಗೆ ನನ್ನ ಬಾಯಿಂದ ಒಂದು "ಪಾಪ" ಬೇಕು. "ಅಯ್ಯೋ, ಭಾರೀ ಕಷ್ಟ ಪಾಪ" ಅಂದರೆ ಮುಖ ಅರಳುತ್ತದೆ. ಬೆನಜೀರ್ ಭುಟ್ಟೊ 1988ರಲ್ಲೇ ಪ್ರಧಾನಿ ಆಗಿದ್ದರು ಅಂದರೆ "ಅದು ದೊಡ್ಡವರ ಮನೆ ಕಥೆ ಬಿಡು" ಅನ್ನುತ್ತಾರೆ. ಸರಿ, ಬಿಟ್ಟೆ. 2024ರಲ್ಲಿ ಮರಿಯಂ ನವಾಜ್ ಪಂಜಾಬ್ ಪ್ರಾಂತ್ಯದ ಮುಖ್ಯಮಂತ್ರಿ ಆದರು. ಅದೂ ದೊಡ್ಡವರ ಮನೆಯೇ, ಅಪ್ಪ ನವಾಜ್ ಷರೀಫ್. ಆದರೆ ಕರ್ನಾಟಕಕ್ಕೆ ದೊಡ್ಡವರ ಮನೆಯಿಂದಾಗಲಿ ಸಣ್ಣವರ ಮನೆಯಿಂದಾಗಲಿ ಈವರೆಗೆ ಒಬ್ಬ ಹೆಂಗಸೂ ಮುಖ್ಯಮಂತ್ರಿಯಾಗಿ ಬಂದಿಲ್ಲ, ಅಲ್ವಾ? ಇಷ್ಟು ಹೇಳಿದರೆ ಮುಂದಿನ ಪ್ರಶ್ನೆ ಗ್ಯಾರಂಟಿ: "ನೀನು ಅವರ ಪರವಾ?"

ಯಾರ ಪರವೂ ಇಲ್ಲ. 2025ರ ಜಾಗತಿಕ ಲಿಂಗ ಅಂತರದ ಪಟ್ಟಿಯಲ್ಲಿ 148 ದೇಶಗಳಿದ್ದವು, ಪಾಕಿಸ್ತಾನ 148ನೆಯದು. ಇದನ್ನು ಮುಚ್ಚಿಡಲು ನನಗೆ ಯಾರೂ ಸಂಬಳ ಕೊಡುತ್ತಿಲ್ಲ. (ನಾವು 131ರಲ್ಲಿ ಇದ್ದೆವು. ಹಿಗ್ಗುವವರು ಹಿಗ್ಗಿಕೊಳ್ಳಿ.) 1979ರಲ್ಲಿ ಜನರಲ್ ಜಿಯಾ ಉಲ್ ಹಕ್ ಧರ್ಮದ ಹೆಸರಿನಲ್ಲಿ ತಂದ ಹುದೂದ್ ಅನ್ನುವ ಶಿಕ್ಷೆಯ ಕಾನೂನುಗಳು ಎಷ್ಟು ಕೆಟ್ಟವು ಅಂತ ತಿಳಿಯಲು ಒಂದೇ ಕೇಸು ಸಾಕು. ಸಫಿಯಾ ಬೀಬಿ ಅಂತ ಕಣ್ಣು ಕಾಣದ ಹುಡುಗಿ. ಅತ್ಯಾಚಾರ ಆಗಿ ಬಸುರಿಯಾದಳು. ಅತ್ಯಾಚಾರಕ್ಕೆ ಸಾಕ್ಷಿ ಸಾಲದು ಅಂತ ಗಂಡಸರು ಬಿಡುಗಡೆ ಆದರು, ಬಸಿರೇ ವ್ಯಭಿಚಾರಕ್ಕೆ ಸಾಕ್ಷಿ ಅಂತ ಅವಳಿಗೆ ಛಡಿ ಏಟು, ಮೂರು ವರ್ಷ ಜೈಲು ಅಂತ ಕೆಳಗಿನ ಕೋರ್ಟು ಹೇಳಿತು. ದೊಡ್ಡ ಗಲಾಟೆ ಆಯಿತು, ಮೇಲಿನ ಕೋರ್ಟು ಅದನ್ನು ರದ್ದು ಮಾಡಿತು.

ಆ ಗಲಾಟೆ ಮಾಡಿದವರು ಯಾರು ಅಂತ ನನ್ನನ್ನು ಯಾರೂ ಕೇಳಿಲ್ಲ.

ಅಲ್ಲಿನ ಹೆಂಗಸರೇ ಮಾಡಿದ್ದು. 1981ರಲ್ಲಿ ಕರಾಚಿಯಲ್ಲಿ ವಿಮೆನ್ಸ್ ಆಕ್ಷನ್ ಫೋರಂ ಅನ್ನುವ ಹೆಂಗಸರ ಸಂಘಟನೆ ಹುಟ್ಟಿತು. ಆಗ ಮಿಲಿಟರಿ ಆಡಳಿತ, ಗುಂಪು ಕೂಡುವುದೇ ಅಪರಾಧ. ಹೆಂಗಸರ ಸಾಕ್ಷಿಯ ಬೆಲೆ ಅರ್ಧಕ್ಕೆ ಇಳಿಸುವ ಮಸೂದೆ ಬಂದಾಗ, 1983ರ ಫೆಬ್ರವರಿ 12ರಂದು, ಲಾಹೋರಿನ ಮಾಲ್ ರಸ್ತೆಯಲ್ಲಿ ಹೈಕೋರ್ಟಿಗೆ ಅರ್ಜಿ ಹಿಡಿದು ಹೊರಟರು. ಪೊಲೀಸರು ಲಾಠಿಯಲ್ಲಿ ಹೊಡೆದರು, ಅಶ್ರುವಾಯು ಬಿಟ್ಟರು, ವ್ಯಾನಿಗೆ ತುಂಬಿದರು. ಮರುವರ್ಷ ಕಾನೂನು ಬಂತು, ಆದರೆ ಸೊರಗಿ ಬಂತು. ಆ ಎರಡಕ್ಕೆ ಒಂದರ ಲೆಕ್ಕ ಹಣಕಾಸಿನ ಪತ್ರಗಳಿಗಷ್ಟೇ ಉಳಿಯಿತು. ಈಗ ಫೆಬ್ರವರಿ 12 ಅಲ್ಲಿ ರಾಷ್ಟ್ರೀಯ ಮಹಿಳಾ ದಿನ. ಈ ಕಥೆಯನ್ನು ಒಬ್ಬರಿಗೆ ಹೇಳುತ್ತಿದ್ದೆ. ಅರ್ಧದಲ್ಲೇ ಅವರು ನನ್ನನ್ನು ತಡೆದು, "ಅವರು ಬುರ್ಖಾ ಹಾಕಿದ್ರಾ?" ಅಂತ ಕೇಳಿದರು.

ಅಲ್ಲಿ ಕಾನೂನೇ ಇಲ್ಲ ಅಂತ ನೀವು ತಿಳಿದಿದ್ದರೆ ಅದೂ ಸುಳ್ಳು. ಕಾನೂನು ರಾಶಿ ಇದೆ. 1955ರಲ್ಲಿ ಪ್ರಧಾನಿ ಮೊಹಮ್ಮದ್ ಅಲಿ ಬೋಗ್ರಾ ಎರಡನೇ ಮದುವೆ ಆದಾಗ ಮೊದಲ ಪ್ರಧಾನಿಯ ಹೆಂಡತಿ ಬೇಗಂ ರಾನಾ ಲಿಯಾಕತ್ ಅಲಿ ಖಾನ್ ಕಟ್ಟಿದ ಮಹಿಳಾ ಸಂಘದವರು ಜೋರಾಗಿ ಪ್ರತಿಭಟಿಸಿದರು. ಆ ಸಿಟ್ಟಿನಿಂದ ಒಂದು ಆಯೋಗ ಬಂತು, ಕೊನೆಗೆ 1961ರಲ್ಲಿ ಕುಟುಂಬ ಕಾನೂನು ಬಂತು. ಗಂಡ ಮತ್ತೊಂದು ಮದುವೆ ಆಗಬೇಕಾದರೆ ಲಿಖಿತ ಅನುಮತಿ ಬೇಕು, ತಲಾಖ್ ಕೊಟ್ಟರೆ ನೋಟಿಸ್ ಕೊಡಬೇಕು, ನಿಕಾಹ್ ನೋಂದಾಯಿಸಬೇಕು.

ಆ ನಿಕಾಹ್‌ನಾಮಾದಲ್ಲಿ, ಅಂದರೆ ಮದುವೆಯ ಕರಾರುಪತ್ರದಲ್ಲಿ, 18ನೇ ಕಾಲಂ ಒಂದಿದೆ. ಗಂಡ ತನ್ನ ತಲಾಖ್ ಹಕ್ಕನ್ನು ಹೆಂಡತಿಗೂ ಕೊಟ್ಟಿದ್ದಾನಾ ಅಂತ ಅಲ್ಲಿ ಬರೆಯಬೇಕು. ಕೊಟ್ಟಿದ್ದಾನೆ ಅಂತ ಬರೆದರೆ, ನಾಳೆ ಬೇಡವಾದಾಗ ಅವಳು ಕೋರ್ಟಿಗೆ ಅಲೆಯದೆ ಬಿಡುಗಡೆ ಪಡೆಯಬಹುದು. ನಮ್ಮ ಫೈಸಲಾಬಾದಿನವಳ ಮದುವೆಯಲ್ಲಿ, ಅವಳ ಕೈಗೆ ಕಾಗದ ಬರುವ ಮೊದಲೇ, ಅವಳ ಸ್ವಂತ ದೊಡ್ಡಪ್ಪ ಆ ಕಾಲಂ ಮೇಲೆ ಅಡ್ಡಗೆರೆ ಎಳೆದಿದ್ದರಂತೆ. ಶುಭದ ದಿನ ತಲಾಖಿನ ಮಾತು ಯಾಕೆ ಅಂತ. ಅವಳು ಅಲ್ಲೇ ಪೆನ್ನು ಕೆಳಗಿಟ್ಟು ಕೂತಳಂತೆ. ಅಡುಗೆಯವರು ಬಿರಿಯಾನಿ ಆರುತ್ತಿದೆ ಅಂತ ಗೊಣಗಲು ಶುರು ಮಾಡಿದ ಮೇಲೆ ಹೊಸ ಫಾರಂ ಬಂತಂತೆ. ಗಂಡ ಪಾಪದವನು, ಅವನಿಗೆ ಮೊದಲೇ ಒಪ್ಪಿಗೆ ಇತ್ತು. ತಕರಾರೆಲ್ಲ ಅವಳ ಕಡೆಯವರದ್ದೇ. ಇದನ್ನು ಹೇಳುವಾಗ ಅವಳು ನಗುತ್ತಾಳೆ. ಎಲ್ಲರ ಮದುವೆಯಲ್ಲೂ ಹೀಗೆ ಪೆನ್ನು ಕೆಳಗಿಡಲು ಆಗುವುದಿಲ್ಲ ಅಂತ ಅವಳೇ ಹೇಳುತ್ತಾಳೆ. ಎಷ್ಟೋ ಹುಡುಗಿಯರಿಗೆ ಅಂಥ ಕಾಲಂ ಇದೆ ಅಂತಲೇ ಗೊತ್ತಿರುವುದಿಲ್ಲ.

ನನ್ನ ಮಟ್ಟಿಗೆ ವಿಷಯ ಇರುವುದು ಇಲ್ಲಿ. ಕಾನೂನು ಬಾಗಿಲವರೆಗೆ ಬರುತ್ತದೆ, ಒಳಗೆ ಮನೆಯವರು ಇರುತ್ತಾರೆ.

ಕಂದೀಲ್ ಬಲೋಚ್ ನೆನಪಿದೆಯಾ? ಇಂಟರ್ನೆಟ್ಟಿನಲ್ಲಿ ಹೆಸರು ಮಾಡಿದ ಹುಡುಗಿ. 2016ರ ಜುಲೈಯಲ್ಲಿ ಮುಲ್ತಾನ್‌ನಲ್ಲಿ ಅವಳ ತಮ್ಮನೇ ಕೊಂದ, ಮರ್ಯಾದೆಗಾಗಿ ಅಂತ ಕ್ಯಾಮೆರಾ ಮುಂದೆ ಹೇಳಿದ. ಅಲ್ಲಿ ಕೊಲೆಯಾದವರ ವಾರಸುದಾರರು ಕೊಂದವನನ್ನು ಕ್ಷಮಿಸಬಹುದು. ಮರ್ಯಾದೆ ಕೊಲೆಯಲ್ಲಿ ಕೊಂದವರೂ ಮನೆಯವರೇ, ಕ್ಷಮಿಸುವವರೂ ಮನೆಯವರೇ. ಅದೇ ವರ್ಷ ಅಕ್ಟೋಬರಿನಲ್ಲಿ ಸಂಸತ್ತು ಕಾನೂನು ಬದಲಿಸಿತು: ಮರ್ಯಾದೆಗಾಗಿ ಕೊಂದರೆ, ಮನೆಯವರು ಕ್ಷಮಿಸಿದರೂ ಜೀವಾವಧಿ. ಇವಳ ಕೊಲೆ ಆ ತಿದ್ದುಪಡಿಗೆ ಮೊದಲೇ ಆಗಿತ್ತು. ತಮ್ಮನಿಗೆ 2019ರಲ್ಲಿ ಜೀವಾವಧಿ ಆಯಿತು, 2022ರಲ್ಲಿ ಹೈಕೋರ್ಟು ಬಿಟ್ಟು ಕಳಿಸಿತು. ಅಪ್ಪ ಅಮ್ಮ ಕ್ಷಮಿಸಿದ್ದರು, ಸಾಕ್ಷಿಗಳು ತಿರುಗಿ ಬಿದ್ದಿದ್ದರು. ಹೊಸ ಕಾನೂನಿನಲ್ಲೂ ಇದು ಮರ್ಯಾದೆಗಾಗಿಯೇ ಆದ ಕೊಲೆ ಅಂತ ಸಾಬೀತಾಗಬೇಕು. ಮನೆಯೊಳಗಿನ ಕೊಲೆಗೆ ಸಾಕ್ಷಿ ಹೇಳಲು ಹೊರಗಿನವರು ಎಲ್ಲಿಂದ ಬರಬೇಕು?

ಈಗ ಆ ಗೃಹಪ್ರವೇಶದ ವಿಷಯಕ್ಕೆ ಬರುತ್ತೇನೆ, ಇದನ್ನು ಬರೆಯುವಂತೆ ಮಾಡಿದ್ದೇ ಅದು.

ಕಳೆದ ರಜೆಯಲ್ಲಿ ದೂರದ ನೆಂಟರ ಮನೆ. ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬ ನಿವೃತ್ತ ಅಧಿಕಾರಿ. ಪಾಯಸ ಬರುವ ಮೊದಲೇ ಶುರು ಮಾಡಿದರು. "ಅಲ್ಲಿ ಹೆಂಗಸರಿಗೆ ಆಸ್ತಿ ಹಕ್ಕು ಅಂತ ಏನಾದ್ರೂ ಇದ್ಯಾ?" ಖುಷಿಯಾಯಿತು, ಕೊನೆಗೂ ಒಬ್ಬರು ಸರಿಯಾದ ಜಾಗಕ್ಕೆ ಕೈ ಹಾಕಿದರು ಅಂತ. ಇದೆ ಅಂದೆ. ಧರ್ಮದ ಪ್ರಕಾರವೇ ಮಗಳಿಗೆ ಪಾಲು ಇದೆ, ಮಗನ ಅರ್ಧದಷ್ಟು. ಆ ಅರ್ಧವೂ ಹೆಚ್ಚಿನ ಕಡೆ ಕೈಗೆ ಬರುವುದಿಲ್ಲ. ಅಕ್ಕತಂಗಿಯರು ಅಣ್ಣತಮ್ಮಂದಿರಿಗೆ ಬರೆದುಕೊಡುತ್ತಾರೆ. ಪಾಲು ಕೇಳಿದವಳಿಗೆ ತವರಿನ ಬಾಗಿಲು ಮುಚ್ಚುತ್ತದೆ, ಈದ್‌ಗೆ ಕರೆಯುವವರಿರುವುದಿಲ್ಲ. ಸಿಂಧ್‌ನ ಕೆಲವು ಜಮೀನ್ದಾರಿ ಮನೆತನಗಳಲ್ಲಿ ಆಸ್ತಿ ಹೊರಗೆ ಹೋಗಬಾರದು ಅಂತ ಹುಡುಗಿಗೆ ಕುರಾನ್ ಜೊತೆ ಮದುವೆ ಮಾಡಿ ಮನೆಯಲ್ಲೇ ಕೂರಿಸುವ ಪದ್ಧತಿಯೂ ಇತ್ತು. 2011ರ ಕಾನೂನಿನಲ್ಲಿ ಅದೂ ಅಪರಾಧ, ಮೋಸ ಮಾಡಿ ಹೆಂಗಸಿನ ಪಾಲು ತಪ್ಪಿಸುವುದೂ ಅಪರಾಧ, ಜೈಲು ಇದೆ. ಇಷ್ಟೆಲ್ಲ ಹೇಳಿದೆ.

ಅವರು ತಲೆ ಆಡಿಸಿ, "ನೋಡು, ಎಷ್ಟು ಹಿಂದುಳಿದ ಜನ" ಅಂದರು.

ಆಗ ಬಡಿಸುತ್ತಿದ್ದ ಅವರ ತಂಗಿ, ಪಾಯಸದ ಪಾತ್ರೆ ಕೈಯಲ್ಲಿ ಹಿಡಿದೇ, ತಣ್ಣಗೆ, "ಅಣ್ಣ, ಹಕ್ಕು ಬಿಡುಗಡೆ ಪತ್ರಕ್ಕೆ ನಾವು ಮೂವರೂ ಸಹಿ ಹಾಕಿದ್ದು ಯಾವ ದೇಶದಲ್ಲಿ?" ಅಂತ ಕೇಳಿದರು. ಅಕ್ಕಪಕ್ಕದ ಎಲೆಯವರೆಲ್ಲ ಒಮ್ಮೆಲೇ ಉಪ್ಪಿನಕಾಯಿ ನೋಡಲು ಶುರು ಮಾಡಿದರು. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಡುವ ತಿದ್ದುಪಡಿ 1994ರಲ್ಲೇ ಬಂದಿದೆ. ಇಡೀ ದೇಶಕ್ಕೆ 2005ರಲ್ಲಿ ಬಂತು. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಒಂದು ಬೆಳಿಗ್ಗೆ ಕೂತು ನೋಡಿ, ಸೀರೆ ಉಟ್ಟು ಸಾಲಾಗಿ ಬಂದು ಸಹಿ ಹಾಕಿ ಹೋಗುವವರನ್ನು. ಹಾಗಂತ ಎರಡೂ ಕಡೆ ಒಂದೇ ಅಂತ ನಾನು ಹೇಳುವುದಿಲ್ಲ. ಕ್ಷಮಾಪಣೆಯ ಆ ಕಾನೂನು ನಮ್ಮಲ್ಲಿ ಇಲ್ಲ, ಅದು ದೊಡ್ಡ ವ್ಯತ್ಯಾಸ. ಪಾಲಿನ ವಿಷಯದಲ್ಲಿ ಮಾತ್ರ ಆ ದಿನ ನನಗೆ ಹೇಳಲು ಏನೂ ಉಳಿದಿರಲಿಲ್ಲ.

ಮತದಾನದ ಕಥೆ ಬೇಗ ಹೇಳಿ ಮುಗಿಸುತ್ತೇನೆ. 2015ರಲ್ಲಿ ಪಾಕಿಸ್ತಾನದ ಲೋವರ್ ದೀರ್ ಜಿಲ್ಲೆಯ ಉಪಚುನಾವಣೆಯಲ್ಲಿ ಸುಮಾರು ಅರ್ಧ ಲಕ್ಷ ಹೆಂಗಸರ ಹೆಸರು ಪಟ್ಟಿಯಲ್ಲಿತ್ತು, ಒಬ್ಬಳೂ ಮತ ಹಾಕಲಿಲ್ಲ. ಚುನಾವಣಾ ಆಯೋಗ ಆ ಚುನಾವಣೆಯನ್ನೇ ರದ್ದು ಮಾಡಿತು. 2017ರಲ್ಲಿ ಹೊಸ ಕಾನೂನು ಬಂತು: ಒಟ್ಟು ಮತದಲ್ಲಿ ಹೆಂಗಸರದ್ದು ಶೇ 10ಕ್ಕಿಂತ ಕಡಿಮೆ ಇದ್ದರೆ ಮರುಮತದಾನ ಮಾಡಿಸಬಹುದು. 2018ರಲ್ಲಿ ಶಾಂಗ್ಲಾ ಜಿಲ್ಲೆಯಲ್ಲಿ ಮಾಡಿಸಿದರು ಕೂಡ. ಸೀಟು ಹೋಗುತ್ತದೆ ಅಂತ ಗೊತ್ತಾದಾಗ ಗಂಡಸರೇ ಹೆಂಡತಿಯರನ್ನು ಬೂತಿಗೆ ಕರೆತರಬೇಕಾಯಿತು. ನನಗೆ ಇಷ್ಟವಾದ ಕಾನೂನು ಇದು. ಯಾರ ಮನಸ್ಸನ್ನೂ ಬದಲಿಸಲು ಹೋಗದೆ ನೇರ ಸೀಟಿಗೇ ಕೈ ಹಾಕುತ್ತದೆ.

ನೀವು ಕೇಳಬೇಕಿದ್ದ ಪ್ರಶ್ನೆ ಬೇರೆ ಇತ್ತು: ಅಲ್ಲಿನ ಹಳ್ಳಿಯ ಹೆಂಗಸರು ಯಾವುದನ್ನು ಗೆದ್ದರು, ಹೇಗೆ ಗೆದ್ದರು?

ಮಹಿಳಾ ದಿನದಂದು ಅಲ್ಲಿನ ಹೆಂಗಸರು ಮಾಡುವ ಮೆರವಣಿಗೆ, ಔರತ್ ಮಾರ್ಚ್, ಅದರ ಬಗ್ಗೆ ಎಲ್ಲರಿಗೂ ಸ್ವಲ್ಪ ಗೊತ್ತು. 2018ರಲ್ಲಿ ಕರಾಚಿಯಲ್ಲಿ ಶುರುವಾಯಿತು. "ಊಟ ನೀನೇ ಬಿಸಿ ಮಾಡ್ಕೋ" ಅಂತ ಯಾರೋ ಬರೆದು ಹಿಡಿದ ಒಂದು ಫಲಕಕ್ಕೆ ದೇಶದ ಗಂಡಸರು ಉರಿದುಬಿದ್ದ ರೀತಿ ನೋಡಿದರೆ, ಅಲ್ಲಿ ಗ್ಯಾಸ್ ಒಲೆ ಹಚ್ಚುವುದು ಅಣುಬಾಂಬಿಗಿಂತ ಕಷ್ಟ ಅನ್ನಿಸಬೇಕು. ನನಗೆ ಜಾಸ್ತಿ ಇಷ್ಟವಾಗುವ ಕಥೆ ಮಾತ್ರ ಲೇಡಿ ಹೆಲ್ತ್ ವರ್ಕರ್‌ಗಳದ್ದು, ಟಿವಿ ಚರ್ಚೆಗೆ ಬಾರದವರದ್ದು. ಬೆನಜೀರ್ ಎರಡನೇ ಸಲ ಪ್ರಧಾನಿ ಆಗಿದ್ದಾಗ, 1994ರಲ್ಲಿ ಈ ಯೋಜನೆ ಬಂತು. ಅದೇ ಊರಿನವಳಾಗಿರಬೇಕು, ಎಂಟನೇ ಕ್ಲಾಸು ಓದಿರಬೇಕು. ಸುಮಾರು ಸಾವಿರ ಜನಕ್ಕೆ ಒಬ್ಬಳು. ಮನೆಮನೆಗೆ ಹೋಗಿ ಬಸುರಿಯರನ್ನು ನೋಡುವುದು, ಗರ್ಭನಿರೋಧಕ ಕೊಡುವುದು, ಲಸಿಕೆ ಹೇಳುವುದು. ಹೀಗೆ ಲಕ್ಷದ ಹತ್ತಿರ ಹೆಂಗಸರು. "ಹೊರಗೆ ಬಿಡ್ತಾರಾ" ಅಂತ ಕೇಳುವವರಿಗೆ ಹೇಳುತ್ತೇನೆ, ಇವರ ಕೆಲಸವೇ ಹೊರಗೆ. ಪೋಲಿಯೊ ಹನಿ ಹಾಕಲು ಹೋದವರನ್ನು 2012ರ ಡಿಸೆಂಬರಿನಲ್ಲಿ ಕರಾಚಿಯಲ್ಲಿ, ಪೇಶಾವರದಲ್ಲಿ ಗುಂಡಿಟ್ಟು ಕೊಂದರು. ಉಳಿದವರು ಮತ್ತೆ ಹನಿ ಹಾಕಲು ಹೋದರು.

ಸರ್ಕಾರ ಅವರಿಗೆ ಕೊಡುತ್ತಿದ್ದದ್ದು ಕನಿಷ್ಠ ಕೂಲಿಗಿಂತ ಕಡಿಮೆ. ನೌಕರರು ಅಂತಲೇ ಒಪ್ಪಿರಲಿಲ್ಲ. ಅವರು ಸಂಘ ಕಟ್ಟಿದರು, ಹೆದ್ದಾರಿ ತಡೆದರು, ಸುಪ್ರೀಂ ಕೋರ್ಟಿಗೆ ಹೋದರು. 2012ರ ನಂತರ ಅವರ ಕೆಲಸ ಖಾಯಂ ಆಯಿತು. ಅಷ್ಟಕ್ಕೇ ಮುಗಿಯಲಿಲ್ಲ, ಸಂಬಳ ಸರಿಯಾಗಿ ಬರದಿದ್ದಾಗ ಮತ್ತೆ ಬೀದಿಗೆ ಬಂದರು. 2018ರಲ್ಲಿ ಲಾಹೋರಿನಲ್ಲಿ ಧರಣಿ ಕೂತದ್ದು ಅದೇ ಮಾಲ್ ರಸ್ತೆಯಲ್ಲಿ.

ಇವರ ಬಗ್ಗೆ ನನಗೆ ಮೊದಲು ಹೇಳಿದ್ದು ಕರಾಚಿಯವಳು. ಅವಳ ಚಿಕ್ಕಮ್ಮ ಅಂಥ ಕೆಲಸದಲ್ಲಿದ್ದಾಳೆ. ನಮ್ಮಲ್ಲೂ ಇದ್ದಾರೆ, ಆಶಾ ಕಾರ್ಯಕರ್ತೆಯರು ಅಂತ, ಕರ್ನಾಟಕದಲ್ಲೇ ನಲವತ್ತು ಸಾವಿರಕ್ಕೂ ಮೇಲೆ, ಅಂತ ನಾನು ಸ್ವಲ್ಪ ಜಂಬದಿಂದಲೇ ಹೇಳಿದೆ.

"ಖಾಯಂ ಮಾಡಿದ್ದಾರಾ?" ಅಂದಳು.

ಇಲ್ಲ, ಗೌರವಧನ ಕೊಡ್ತಾರೆ, ಅದನ್ನು ಜಾಸ್ತಿ ಮಾಡಿ ಅಂತ ಆಗಾಗ ಬೆಂಗಳೂರಿಗೆ ಬಂದು ಧರಣಿ ಕೂರ್ತಾರೆ ಅಂದೆ.

"ನಲವತ್ತು ಸಾವಿರ ಜನ ಇದ್ದೂ ರಸ್ತೆ ಬಂದ್ ಮಾಡಲ್ವಾ?"

ನಮ್ಮಲ್ಲಿ ಧರಣಿಗೆ ಅಂತಲೇ ಸರ್ಕಾರ ಒಂದು ಪಾರ್ಕ್ ಕೊಟ್ಟಿದೆ, ಕೂರುವುದೆಲ್ಲ ಅದರ ಒಳಗೇ ಅಂದೆ. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಳು. ಫೋನಿನಲ್ಲಿ ಫ್ರೀಡಂ ಪಾರ್ಕಿನ ಫೋಟೊ ತೆಗೆದು ತೋರಿಸಬೇಕಾಯಿತು.