ಬಿದ್ದ ಹಕ್ಕಿ ಸಿಕ್ಕ ಮೇಲೇ ಮುಂದಿನ ಈಡು

"ಶ್ರಾವಣ ಶುಕ್ರವಾರ ಕಣೋ. ಅವತ್ತೇ ಶಿಕಾರಿಗೆ ಹೋಗ್ಬೇಕಾ?" ಅಂತ ಅಮ್ಮ ಫೋನಿನಲ್ಲಿ ಕೇಳಿದರು.

2023ರ ಸೆಪ್ಟೆಂಬರ್ 1. ನಮ್ಮ ಪಂಚಾಂಗದಲ್ಲಿ ನಿಜ ಶ್ರಾವಣ. ಟೆಕ್ಸಸ್‌ನಲ್ಲಿ ಬೆಳವದ ಶಿಕಾರಿ ಶುರುವಾಗುವ ದಿನ. ಕೋವಿ ಮುಟ್ಟಲ್ಲ, ಮಾಂಸ ತಿನ್ನಲ್ಲ, ಜೊತೆಗೆ ಮಾತ್ರ ಹೋಗ್ತೀನಿ ಅಂತ ಅಮ್ಮನನ್ನು ಒಪ್ಪಿಸಿದೆ. ಅಕ್ಕನ ಮಗಳಿಗೆ ಅದು ಮೊದಲ ಶಿಕಾರಿ. ಹನ್ನೆರಡು ವರ್ಷದ ಹುಡುಗಿ, "ಮಾಮ, ನೀನು ಬರಲೇಬೇಕು" ಅಂದಿದ್ದಳು. ಅವಳು ಕರೆದ ಮೇಲೆ ಹೋಗದೆ ಇರೋಕಾಗತ್ತಾ?

ಅಕ್ಕ ಮದುವೆಯಾಗಿದ್ದು ಟೆಕ್ಸಸ್‌ನವರನ್ನ. ಭಾವನ ಅಪ್ಪನಿಗೆ ಬ್ರೌನ್‌ವುಡ್ ಊರಿನಾಚೆ ಹೊಲ ಇದೆ, ದನ ಇದೆ. ಫೋರ್ಟ್ ವರ್ತ್‌ನಿಂದ 377ನೇ ಹೆದ್ದಾರಿ ಹಿಡಿದು ಸ್ಟೀಫನ್‌ವಿಲ್, ಕಮಾಂಚಿ ದಾಟಿ ಹೋದರೆ ಸುಮಾರು 200 ಕಿಲೋಮೀಟರ್. ಗುರುವಾರ ರಾತ್ರಿಯೇ ಹೋಗಿ ಉಳಿದೆವು. ಬೆಳಗ್ಗೆ ಐದಕ್ಕೆ ಎದ್ದಾಗ ಪಶ್ಚಿಮದಲ್ಲಿ ಚಂದ್ರ ಇನ್ನೂ ದೊಡ್ಡದಾಗಿ ನಿಂತಿದ್ದ. ಹುಣ್ಣಿಮೆ ಕಳೆದು ಎರಡೇ ದಿನ ಆಗಿತ್ತು. ಅಂಗಳದಲ್ಲಿ ನಾಲ್ಕು ಪಿಕಪ್ ಗಾಡಿ, ಭಾವನ ಇಬ್ಬರು ಚಿಕ್ಕಪ್ಪನ ಮಕ್ಕಳು, ಪಕ್ಕದ ಹೊಲದವರು, ಕರಿ ಲ್ಯಾಬ್ರಡಾರ್ ನಾಯಿ ಬೆಲ್. ಗಾಡಿಯ ಹಿಂದಿನ ಬಾಗಿಲು ಇಳಿಸಿ, ಅದರ ಮೇಲೆ ಟಾಕೊ, ಕಾಫಿ, ಐಸ್ ಪೆಟ್ಟಿಗೆ ಇಟ್ಟಿದ್ದರು. ಅಕ್ಕ ನನಗೆ ಅಂತಲೇ ಪುಳಿಯೋಗರೆ ಡಬ್ಬಿ ಕೊಟ್ಟಿದ್ದಳು.

ಸಕಲೇಶಪುರದ ಕಡೆ ನಮ್ಮ ಅಜ್ಜನಿಗೂ ಒಂದು ಕೋವಿ ಇತ್ತು. ಬೆಳೆ ಕಾಯೋಕೆ ಅಂತ ಲೈಸೆನ್ಸ್. ಚುನಾವಣೆ ಬಂದಾಗೆಲ್ಲ ಅದನ್ನು ಠಾಣೆಗೆ ಕೊಟ್ಟು ಬರುತ್ತಿದ್ದರು. ಹಳೇ ಕಾಲದ ಶಿಕಾರಿ ಕಥೆಗಳನ್ನು ಮಾತ್ರ ಎಷ್ಟು ಸಲ ಕೇಳಿದರೂ ಹೇಳುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಅದೆಲ್ಲ ಮುಗಿಯಿತು, ಮುಗಿದದ್ದೇ ಒಳ್ಳೆಯದಾಯಿತು ಅಂತ ನಂಬಿದವನು ನಾನು. ಹಾಗಾಗಿ ಇಲ್ಲಿನ ಶಿಕಾರಿ ಬಗ್ಗೆ ನನ್ನ ಮನಸ್ಸು ಪೂರ್ತಿ ಒಪ್ಪಿರಲಿಲ್ಲ.

ಕತ್ತಲಲ್ಲೇ ತಾತ ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡರು. ಭಾವನ ಅಪ್ಪನನ್ನು ನಾನೂ ತಾತ ಅಂತಲೇ ಕರೆಯೋದು, ಮಗು ಕರೆದಂತೆ. ಬ್ಯಾಟರಿ ಬೆಳಕಲ್ಲಿ ಒಬ್ಬೊಬ್ಬರ ಲೈಸೆನ್ಸ್ ನೋಡಿದರು. ಕೋವಿಯಲ್ಲಿ ಮೂರು ತೋಟೆಗಿಂತ ಜಾಸ್ತಿ ತುಂಬದ ಹಾಗೆ ಒಳಗೆ ಅಡ್ಡಕಡ್ಡಿ ಹಾಕಿರಬೇಕು, ಅದನ್ನೂ ನೋಡಿದರು. ದಿನಕ್ಕೆ ಒಬ್ಬರಿಗೆ 15 ಹಕ್ಕಿ. ಒಬ್ಬರ ಲೆಕ್ಕಕ್ಕೆ ಇನ್ನೊಬ್ಬರು ಹೊಡೆಯುವ ಹಾಗಿಲ್ಲ. ಕಾಳು ಚೆಲ್ಲಿ ಹಕ್ಕಿ ಕರೆಯುವ ಹಾಗಿಲ್ಲ. ಆಮೇಲೆ ಮಣ್ಣಿನ ಮೇಲೆ ಕೋಲಿನಿಂದ ಗೆರೆ ಎಳೆದು, ಯಾರು ಎಲ್ಲಿ ಕೂರಬೇಕು, ಯಾವ ಕಡೆ ಕೋವಿ ತಿರುಗಿಸಬಾರದು ಅಂತ ತೋರಿಸಿದರು. ಕೊನೆಗೆ ಮೊಮ್ಮಗಳ ಕಡೆ ತಿರುಗಿ, "ಹಕ್ಕಿಯ ಕೆಳಗೆ ಆಕಾಶ ಕಾಣಬೇಕು. ಕಾಣದಿದ್ದರೆ ಹೊಡೀಬೇಡ" ಅಂದರು.

1971ರ ಸೆಪ್ಟೆಂಬರ್ 2ರಿಂದ ಈಚೆಗೆ ಹುಟ್ಟಿದವರು ಟೆಕ್ಸಸ್‌ನಲ್ಲಿ ಶಿಕಾರಿ ಮಾಡಬೇಕಾದರೆ ಸಾಮಾನ್ಯವಾಗಿ ಶಿಕಾರಿಯ ಪಾಠ ಕಲಿತು ಪಾಸಾಗಬೇಕು. ತಾತನಿಗೆ ಅದು ಬೇಕಿಲ್ಲ. ಆದರೂ ಮೊಮ್ಮಗಳ ಪಕ್ಕ ಕೂತು ಇಡೀ ಪಾಠ ಕೇಳಿ ಬಂದಿದ್ದರು.

ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲು ಹೊಡೆಯಲು ಅವಕಾಶ. ಒಣಗಿ ತಲೆ ಬಗ್ಗಿಸಿದ ಸೂರ್ಯಕಾಂತಿ ಹೊಲದ ಅಂಚಿನಲ್ಲಿ ನಾನು, ಭಾವ, ಹುಡುಗಿ ಮೂವರೂ ಬಕೆಟ್ ಮಗುಚಿಕೊಂಡು ಕೂತೆವು. ಕಾಯುವಾಗ ಅವಳು ಪಿಸುಮಾತಲ್ಲಿ ಕೇಳಿದಳು. "ಮಾಮ, ಮಾರ್ಥಾ ಸತ್ತಿದ್ದೂ ಇವತ್ತೇ, ಗೊತ್ತಾ?"

ನನಗೆ ಗೊತ್ತಿರಲಿಲ್ಲ. ಮಾರ್ಥಾ ಅಂದರೆ ಪ್ಯಾಸೆಂಜರ್ ಪಿಜನ್ ಅನ್ನುವ ಕಾಡುಪಾರಿವಾಳ ಜಾತಿಯ ಕೊನೆಯ ಹಕ್ಕಿ. ಸಿನ್ಸಿನಾಟಿಯ ಮೃಗಾಲಯದಲ್ಲಿ 1914ರ ಸೆಪ್ಟೆಂಬರ್ 1ರಂದು ಸತ್ತಿತು. ಒಂದು ಕಾಲಕ್ಕೆ ನೂರಾರು ಕೋಟಿ ಇದ್ದ ಹಕ್ಕಿ, ಹಾರಿದರೆ ಸೂರ್ಯ ಮುಚ್ಚುತ್ತಿತ್ತಂತೆ. ಗೂಡು ಕಟ್ಟಿದ ಜಾಗದ ಸುದ್ದಿ ತಂತಿಯಲ್ಲಿ ಹೋಗುತ್ತಿತ್ತು, ಕೊಂದ ಹಕ್ಕಿ ರೈಲಿನಲ್ಲಿ ಪೇಟೆಗೆ ಹೋಗುತ್ತಿತ್ತು. ಕಾಡೂ ಹೋಯಿತು, ಹಕ್ಕಿಯೂ ಹೋಯಿತು. ಆಮೇಲೆ 1918ರಲ್ಲಿ ವಲಸೆ ಹಕ್ಕಿಗಳ ಕಾಯ್ದೆ ಬಂತು. ಈಗ ಹೊಡೆದ ಬೆಳವವನ್ನು ತಿನ್ನಬಹುದು, ಮಾರುವ ಹಾಗಿಲ್ಲ. ಒಂದನ್ನೂ ಮಾರುವ ಹಾಗಿಲ್ಲ. ಇದೆಲ್ಲ ಹೇಳುವಾಗ ಅವಳ ಕೋವಿ ಮಡಿಲಲ್ಲಿ ನಡುವೆ ಮಡಚಿ ತೆರೆದಿತ್ತು, ಒಳಗೆ ತೋಟೆ ಇರಲಿಲ್ಲ.

ಹಕ್ಕಿ ಬಂದದ್ದು ಕಾಣಲೇ ಇಲ್ಲ, ಕೇಳಿಸಿತು. ರೆಕ್ಕೆಯ ಸಿಳ್ಳೆ. ಇಲ್ಲಿನ ಬೆಳವ, ಮೌರ್ನಿಂಗ್ ಡವ್, ಹಾಗೆ ಬರುತ್ತದೆ. ಬಾಣದಂತೆ ಬಂದು ಅರ್ಧದಲ್ಲಿ ವಾಲಿ ಇನ್ನೊಂದು ಕಡೆಗೆ ಹೋಗಿಬಿಡುತ್ತದೆ. ದೂರದಲ್ಲಿ ಈಡು ಕೇಳತೊಡಗಿತು. ಸ್ವಲ್ಪ ಹೊತ್ತಿಗೆ ನಮ್ಮ ಹಿಂದಿನ ಎಲೆಗಳ ಮೇಲೆ ತಣ್ಣಗೆ ಚರೆ ಉದುರಿತು, ತುಂತುರು ಮಳೆ ಹಾಗೆ. ಅವಳು ಐದು ಸಲ ಹೊಡೆದಳು. ಐದೂ ತಪ್ಪಿತು. ಭಾವ ಒಂದು ಮಾತಾಡಲಿಲ್ಲ.

ಆರನೆಯದಕ್ಕೆ ಬಿತ್ತು.

ಬಿದ್ದದ್ದು ಬೇಲಿಯಾಚೆ, ಮೆಸ್ಕೀಟ್ ಮುಳ್ಳುಗಿಡ, ಪಾಪಾಸುಕಳ್ಳಿ, ಮೊಣಕಾಲುದ್ದ ಹುಲ್ಲು ಬೆಳೆದ ಜಾಗದಲ್ಲಿ. "ಕಣ್ಣು ತೆಗೀಬೇಡ, ಅದೇ ಜಾಗ ನೋಡ್ತಾ ನೇರ ನಡಿ" ಅಂದರು ಭಾವ. ಕೋವಿ ಖಾಲಿ ಮಾಡಿಟ್ಟು ಹೋದೆವು. ಅವಳು ತನ್ನ ಕಿತ್ತಳೆ ಟೋಪಿಯನ್ನು ಆ ಜಾಗದಲ್ಲಿ ಇಟ್ಟಳು. ಸುತ್ತ ಹುಡುಕಿದೆವು. ಇಲ್ಲ. ಬೆಲ್ ಆಗಲೇ ಏದುಸಿರು ಬಿಡುತ್ತಾ ನೆರಳಲ್ಲಿ ಮಲಗಿತ್ತು. ಆ ಬೇಸಿಗೆ ಟೆಕ್ಸಸ್ ಕಂಡ ಅತಿ ಬಿಸಿ ಬೇಸಿಗೆಗಳಲ್ಲಿ ಒಂದು. ಅಂಥ ಬಿಸಿಲಿಗೆ ನಾಯಿಯನ್ನು ಮತ್ತೆ ಓಡಿಸಿದರೆ ಅದರ ಜೀವಕ್ಕೇ ಅಪಾಯ.

ನಮ್ಮ ತಲೆಯ ಮೇಲೆ ಬೆಳವಗಳು ಗುಂಪು ಗುಂಪಾಗಿ ಹಾದುಹೋದವು. ದಿನದ ಒಳ್ಳೆಯ ಹೊತ್ತು ಅದೇ. ವರ್ಷವಿಡೀ ಕಾದ ಹೊತ್ತು. "ಬಿಡಿ, ಇನ್ನೊಂದು ಹೊಡೀಲಿ" ಅಂತ ಯಾರಾದರೂ ಅನ್ನುತ್ತಾರೆ ಅಂದುಕೊಂಡೆ. ಬದಲಿಗೆ ತಾತ ತಮ್ಮ ಬಕೆಟ್ ಬಿಟ್ಟು ನಿಧಾನ ನಡೆದು ಬಂದರು. ಆಮೇಲೆ ಪಕ್ಕದ ಹೊಲದವರೂ ಬಂದರು. ಐದು ಜನ ತೋಳಳತೆ ದೂರದಲ್ಲಿ ಸಾಲಾಗಿ, ಹುಲ್ಲು ಬಿಡಿಸುತ್ತಾ ಹೋದೆವು. ನನ್ನ ಕಾಲುಚೀಲದ ತುಂಬ ಮುಳ್ಳುಕಾಯಿ. ಹುಡುಗಿಯ ಮುಖ ಕೆಂಪಾಗಿತ್ತು.

ಇಪ್ಪತ್ತೈದು ನಿಮಿಷ. ಟೋಪಿಯಿಂದ ಹದಿನೈದು ಹೆಜ್ಜೆ ಆಚೆ, ಕಳ್ಳಿಯ ಬುಡದಲ್ಲಿ ನನಗೇ ಕಂಡಿತು. ಮೊದಲು ಮಣ್ಣಿನ ಹೆಂಟೆ ಅಂದುಕೊಂಡೆ. ಆಮೇಲೆ ಹೆಂಟೆ ಕಣ್ಣು ಮಿಟುಕಿಸಿತು. ರೆಕ್ಕೆ ಮುರಿದಿತ್ತು, ಜೀವ ಇತ್ತು.

ಹುಡುಗಿ ಅದನ್ನು ಎತ್ತಿಕೊಂಡಳು. ನರಳದಂತೆ ಮುಗಿಸಲು ತಾತ ಕೈ ಚಾಚಿದರು. ಅವಳು ಕೊಡಲಿಲ್ಲ. "ಹೇಗೆ ಅಂತ ಹೇಳಿ, ನಾನೇ ಮಾಡ್ತೀನಿ" ಅಂದಳು. ಅವರು ಹೇಳಿಕೊಟ್ಟರು. ಒಂದೇ ಕ್ಷಣ. ಆಮೇಲೆ ಬಹಳ ಹೊತ್ತು ಅದನ್ನು ಅಂಗೈಯಲ್ಲೇ ಹಿಡಿದುಕೊಂಡಿದ್ದಳು. ನನಗೂ ಕೊಟ್ಟಳು. ಕೈಗೆ ತೂಕವೇ ಅನ್ನಿಸಲಿಲ್ಲ. ಬೂದುಕಂದು ಮೈ, ರೆಕ್ಕೆಯ ಮೇಲೆ ಕರಿ ಚುಕ್ಕೆ, ಕತ್ತಿನ ಪಕ್ಕದಲ್ಲಿ ಬಿಸಿಲು ಬಿದ್ದಾಗ ಮಾತ್ರ ಕಾಣುವ ಗುಲಾಬಿ ಹೊಳಪು. ಮೈ ಬಿಸಿಯಾಗಿತ್ತು. ಕತ್ತಿನ ಕೆಳಗೆ ಮುಟ್ಟಿದರೆ ಒಳಗಿನ ಕಾಳು ಬೆರಳಿಗೆ ಸಿಗುತ್ತಿತ್ತು. ನನ್ನ ಹೆಬ್ಬೆರಳಿಗೆ ಎರಡು ಪುಕ್ಕ ಅಂಟಿಕೊಂಡವು. ಬೆಳವದ ಪುಕ್ಕ ಅಷ್ಟು ಸಡಿಲ.

ಹತ್ತರ ಹೊತ್ತಿಗೆ ಗಾಳಿಯಂತ್ರದ ಕಂಬದ ಮೇಲಿಂದ ಒಂದು ದನಿ ಬಂತು. ಕು‑ಕ್ಕೂ‑ಕು. ಕು‑ಕ್ಕೂ‑ಕು. ನಾನು ಎದ್ದು ನಿಂತೆ. ಅರಸೀಕೆರೆ ಕಡೆ ಅಮ್ಮನ ತವರಲ್ಲಿ, ಬೇಸಿಗೆ ರಜೆಯ ಮಧ್ಯಾಹ್ನ ತೆಂಗಿನ ತೋಟದಿಂದ ಕೇಳುತ್ತಿದ್ದ ದನಿ ಅದು. ಕತ್ತಿನ ಹಿಂದೆ ಕರಿ ಪಟ್ಟಿ ಇರುವ ನಮ್ಮ ಬಯಲುಸೀಮೆ ಬೆಳವವೇ. 1970ರ ದಶಕದಲ್ಲಿ ಬಹಾಮಾಸ್ ದ್ವೀಪದಲ್ಲಿ ಪಂಜರದಿಂದ ತಪ್ಪಿಸಿಕೊಂಡವು ಫ್ಲಾರಿಡಾ ಸೇರಿ, ಅಲ್ಲಿಂದ ದೇಶದ ಬಹುಭಾಗಕ್ಕೆ ಹಬ್ಬಿದವಂತೆ. ಹೊರಗಿನ ಹಕ್ಕಿ ಆದ್ದರಿಂದ ಟೆಕ್ಸಸ್‌ನಲ್ಲಿ ಇದಕ್ಕೆ ಋತುವೂ ಇಲ್ಲ, ಲೆಕ್ಕವೂ ಇಲ್ಲ. ಎಷ್ಟಾದರೂ ಹೊಡೆಯಬಹುದು. ಭಾವ ನನ್ನ ಮುಖ ನೋಡಿದರು. ಕೋವಿ ಎತ್ತಲಿಲ್ಲ. ಅದು ಕೂಗುವಷ್ಟೂ ಕೂಗಿ ಹಾರಿಹೋಯಿತು.

ಮಧ್ಯಾಹ್ನ ಮರದಡಿ ಹಕ್ಕಿ ಸ್ವಚ್ಛ ಮಾಡಿದರು. ಎದೆಮೂಳೆಯ ಕೆಳಗೆ ಹೆಬ್ಬೆರಳು ತೂರಿಸಿ ಎತ್ತಿದರೆ ಎದೆಮಾಂಸ ಬಿಡಿಸಿಕೊಂಡು ಬರುತ್ತದೆ. ಹಾಲಪೆನ್ಯೊ ಮೆಣಸಿನಕಾಯಿ ಇಟ್ಟು, ಬೇಕನ್ ಸುತ್ತಿ, ಮೆಸ್ಕೀಟ್ ಕೆಂಡದ ಮೇಲೆ ಸುಟ್ಟರು. ವಾಸನೆ ಚೆನ್ನಾಗಿತ್ತು. ನಾನು ಪುಳಿಯೋಗರೆ ತಿಂದೆ. ನನ್ನ ಪಾಲಿನ ಆರು ಹಕ್ಕಿ ಐಸ್ ಪೆಟ್ಟಿಗೆಗೆ ಹೋಯಿತು, ಜೊತೆಗೆ ಒಂದು ಚೀಟಿ. ಕೊಟ್ಟವರ ಹೆಸರು, ಲೈಸೆನ್ಸ್ ನಂಬರು, ಎಷ್ಟು ಹಕ್ಕಿ, ಯಾವತ್ತು, ಎಲ್ಲಿ ಹೊಡೆದದ್ದು. ಹಂಚಿಕೊಳ್ಳೋಕೂ ಲೆಕ್ಕ ಬೇಕು ಇಲ್ಲಿ. ಶ್ರಾವಣ ಮುಗಿದ ಮೇಲೆ ಅಮ್ಮನನ್ನೇ ಕೇಳಿ, ಕಾಳುಮೆಣಸು ಕುಟ್ಟಿ ಹಾಕಿ ಮಾಡಿದೆ. ಚೀಟಿ ಇನ್ನೂ ಇಟ್ಟುಕೊಂಡಿದ್ದೀನಿ.

ಸಂಜೆ ದನಗಳ ಕಟ್ಟೆಯ ಹತ್ತಿರ ಕೂತೆವು. ಇಲ್ಲಿನವರು ಅದನ್ನು ಟ್ಯಾಂಕ್ ಅನ್ನುತ್ತಾರೆ, ನಮ್ಮ ಸರ್ಕಾರಿ ಕಡತದಲ್ಲಿ ಕೆರೆಗೆ ಟ್ಯಾಂಕ್ ಅಂತ ಬರೆಯುವ ಹಾಗೆ. ಬರದಿಂದ ನೀರು ಮಧ್ಯಕ್ಕೆ ಸರಿದು, ಸುತ್ತ ಮಣ್ಣು ಬಿರುಕು ಬಿಟ್ಟಿತ್ತು. ಸುತ್ತಮುತ್ತ ಹಕ್ಕಿಗೆ ಇದ್ದ ನೀರು ಇದೊಂದೇ. ಸೂರ್ಯ ಮುಳುಗುವವರೆಗೂ ಹೊಡೆಯಲು ಕಾನೂನಿನಲ್ಲಿ ಅವಕಾಶ ಇದೆ. ಯಾರ ಹದಿನೈದೂ ತುಂಬಿರಲಿಲ್ಲ. ಹುಡುಗಿಯ ಚೀಲದಲ್ಲಿ ಮೂರೇ ಇದ್ದವು. ಇನ್ನೂ ಒಂದು ಗಂಟೆ ಬೆಳಕಿರುವಾಗ ತಾತ ಎದ್ದು ನಿಂತು ಸಿಳ್ಳೆ ಹಾಕಿದರು. ಎಲ್ಲರೂ ತೋಟೆ ತೆಗೆದು ಕೋವಿ ಗಾಡಿಯಲ್ಲಿಟ್ಟರು. "ಇನ್ನು ಅವು ಕುಡೀಲಿ" ಅಂದರು, ಅಷ್ಟೇ.

ನಾವು ಏರಿಯ ಮೇಲೆ ಅಲ್ಲಾಡದೆ ಕೂತೆವು. ಮೊದಲು ಒಣಮರದ ಮೇಲೆ ಎರಡು ಬಂದು ಕೂತವು. ಆಮೇಲೆ ಹತ್ತು. ಆಮೇಲೆ ಎಣಿಸಲಾಗಲಿಲ್ಲ. ಕೋಳಿಯ ಹಾಗೆ ತಲೆ ಎತ್ತಿ ನುಂಗುವುದಿಲ್ಲ ಬೆಳವ. ಕೊಕ್ಕು ನೀರಿಗೆ ಇಟ್ಟು, ದನದ ಹಾಗೆ ಒಂದೇ ಸಮನೆ ಹೀರುತ್ತದೆ. ಹುಡುಗಿ ನನ್ನ ತೋಳಿಗೆ ಒರಗಿ, ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಕೆಸರಿನ ತುಂಬ ಸಣ್ಣ ಸಣ್ಣ ಕಾಲಿನ ಗುರುತು ಮೂಡುತ್ತಾ ಹೋಯಿತು.