ಗಟ್ಟೂ ಕೈಯಲ್ಲಿದ್ದ ಬ್ರಷ್
ಇವತ್ತು ಸಂಜೆ ಮುಂಬೈನ ವರ್ಲಿ ಸೀ ಫೇಸ್‌ನಲ್ಲಿ, ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಸೃಷ್ಟಿಸಿದ ಕಾಮನ್ ಮ್ಯಾನ್‌ನ ಪ್ರತಿಮೆ ಎದುರು ಸುಮ್ನೆ ತುಂಬ ಹೊತ್ತು ನಿಂತಿದ್ದೆ. ಅದೇ ಚೌಕಳಿ ಕೋಟು, ಪಂಚೆ, ಕನ್ನಡಕ. ಜೊತೆಗೆ ಬಂದಿದ್ದ ಮಾಟುಂಗಾದ ಮಾವ, "ನಮ್ಮ ಮೈಸೂರಿನವರು ಬರೆದದ್ದು ಕಣೇ" ಎಂದರು. ಆ ದನಿಯಲ್ಲಿ ಎಷ್ಟು ಹೆಮ್ಮೆ!

ನನಗೆ ಮಾತ್ರ ಗಟ್ಟೂ ನೆನಪಾದ. 1954ರಲ್ಲಿ ಏಷ್ಯನ್ ಪೇಂಟ್ಸ್‌ಗಾಗಿ ಇದೇ ಲಕ್ಷ್ಮಣ್ ಬರೆದುಕೊಟ್ಟ ತುಂಟ ಹುಡುಗ. ಕಣ್ಣಿನ ಮೇಲೆ ಬಿದ್ದ ಕೂದಲು, ಕೈಯಲ್ಲಿ ಬಣ್ಣದ ಡಬ್ಬ, ಬ್ರಷ್. ಅಷ್ಟೇ. ಚಿಕ್ಕವಳಿದ್ದಾಗ ನಮ್ಮೂರಿನ ಬಣ್ಣದಂಗಡಿಯ ಬೋರ್ಡಿನಲ್ಲಿ ಅವನನ್ನು ನೋಡಿಯೇ ನಾನು ಚಿತ್ರ ಬರೆಯಲು ಶುರು ಮಾಡಿದ್ದು. ಅಕ್ಷರ ಬಾರದವರಿಗೂ ಅದು ಯಾವ ಡಬ್ಬ ಅಂತ ಗೊತ್ತಾಗಬೇಕು. ಒಳ್ಳೆಯ ಡಿಸೈನ್ ಅಂದ್ರೆ ಅದೇ ಅಲ್ವಾ?

ಈ ಲಕ್ಷ್ಮಣ್ ಅವರಿಗೇ ಒಮ್ಮೆ ಇಲ್ಲಿನ ಜೆ.ಜೆ. ಕಲಾಶಾಲೆಯಲ್ಲಿ ಸೀಟು ಸಿಕ್ಕಿರಲಿಲ್ಲ. ಈ ವಾರ ನನ್ನ ಲೋಗೋ ಮೂರನೇ ಸಲ ವಾಪಸ್ ಬಂದಿದೆ. ಬೇಜಾರು ಜಾಸ್ತಿಯೇ ಇತ್ತು.

ಲಕ್ಷ್ಮಣ್ ಅವರಿಗೆ ಕಾಗೆ ಅಂದ್ರೆ ಪ್ರಾಣ. ಬಾಲ್ಯದಿಂದಲೂ ಬರೆಯುತ್ತಿದ್ದರು. ಕಡಲ ಕಟ್ಟೆಯ ಮೇಲೆ ಒಂದು ಕಾಗೆ ಕೂತಿತ್ತು. ಬ್ಯಾಗಿನಿಂದ ಪೆನ್ಸಿಲ್ ತೆಗೆದೆ. ಕತ್ತಲಾಗುವಷ್ಟರಲ್ಲಿ ನಾಲ್ಕು ಕಾಗೆ ಬರೆದಿದ್ದೆ.